ನೊಂದ ಬಾಲೆಯರ ತಾಯಿ ಪಂಡಿತಾ ರಮಾಬಾಯಿಯವರು

ವಿದ್ಯಾಭ್ಯಾಸಕ್ಕೆ ಗುರು, ಗ್ರಂಥ, ಶಾಲಾಗೃಹ ಈ ಮೂರೂ ಇದ್ದರೆ ಸಾಕೆಂದು ಹೇಳುವವರುಂಟು. ಆದರೆ ನಾಲ್ಕನೆಯ ಸಾಧನವೊಂದುಂಟು. ಅದಿಲ್ಲದಿದ್ದರೆ ಮೊದಲಿನ ಮೂರೂ ಇದ್ದೂ ಇಲ್ಲದಂತೆಯೇ ಸರಿ. ಅದಾವುದೆಂದರೆ, ಕಲಿಯಬಂದ ಬಾಲೆಯ ಮನಸ್ಸಿನ ನೆಮ್ಮದಿ. ಹಸಿದು ಬಂದವಳಿಗೆ ಅಕ್ಷರಗಳು ಕಣ್ಣಿಗೆ ಕಾಣುವುವೇ ಹೊರತು ಬುದ್ಧಿಗೆ ಹತ್ತಲಾರವು. ಮನೆಯಲ್ಲಿ ಮರಣವನ್ನಾಗಲಿ, ಅವಮಾನವನ್ನಾಗಲಿ, ಭಯವನ್ನಾಗಲಿ ಕಂಡ ಹುಡುಗಿಯು ಪಾಠದ ಹೊತ್ತಿನಲ್ಲಿ ಬೆಂಚಿನ ಮೇಲೆ ಕುಳಿತಿದ್ದರೂ ಅವಳ ಚಿತ್ತವು ಅಲ್ಲಿರುವುದಿಲ್ಲ. ಅಂಥವಳನ್ನು ಮಂದಮತಿಯೆಂದೋ ಹಟಮಾರಿಯೆಂದೋ ಕರೆದುಬಿಡುವುದು ಸುಲಭ. ಆ ಸುಲಭದ ಹಾದಿಯನ್ನು ಹಿಡಿಯದೆ, ನೊಂದ ಬಾಲೆಯರ ಮನಸ್ಸನ್ನು ಮೊದಲು ಸಂತೈಸಿ ತರುವಾಯ ಅವರ ಕೈಗೆ ಪುಸ್ತಕವನ್ನು ಕೊಟ್ಟ ಮಹಾನುಭಾವರೊಬ್ಬರ ಚರಿತ್ರೆಯನ್ನು ಈ ಸ್ಮರಣ ಸಂಚಿಕೆಯಲ್ಲಿ ನಮ್ಮ ಹಳೆಯ ವಿದ್ಯಾರ್ಥಿನಿಯರ ಮತ್ತು ತಂದೆತಾಯಿಗಳ ಮುಂದಿಡಲು ಇಚ್ಛಿಸುತ್ತೇವೆ. ಅವರೇ ಪಂಡಿತಾ ರಮಾಬಾಯಿ ಸರಸ್ವತಿಯವರು. ಅವರ ಪಾಂಡಿತ್ಯವು ಲೋಕವಿಖ್ಯಾತವಾದುದು. ಆದರೆ ಶಾಲೆಯಲ್ಲಿರುವ ನಮಗೆ ಅದಕ್ಕಿಂತಲೂ ಅಮೂಲ್ಯವಾದುದು ಅವರ ತಾಯ್ತನವು.

ರಮಾಬಾಯಿಯವರ ಹೆಸರನ್ನು ಮಹಾರಾಷ್ಟ್ರದೊಡನೆ ಸೇರಿಸಿ ಹೇಳುವುದು ವಾಡಿಕೆಯಾದರೂ ಅವರು ಹುಟ್ಟಿದ ನೆಲವು ನಮ್ಮದೇ. ಅವರ ತಂದೆ ಅನಂತಶಾಸ್ತ್ರಿ ಡೋಂಗರೆಯವರು ಇಂದಿನ ಉಡುಪಿ ಜಿಲ್ಲೆಯ ಕಾರ್ಕಳ ಸೀಮೆಯ ಮಾಳವೆಂಬ ಊರಿನವರು. ಸ್ತ್ರೀಯರಿಗೆ ಸಂಸ್ಕೃತವನ್ನು ಕಲಿಸುವುದು ಪಾಪವೆಂದು ಎಣಿಸುತ್ತಿದ್ದ ಆ ಕಾಲದಲ್ಲಿ ಅವರು ತಮ್ಮ ಪತ್ನಿ ಲಕ್ಷ್ಮೀಬಾಯಿಯವರಿಗೆ ಶಾಸ್ತ್ರಪಾಠವನ್ನು ಆರಂಭಿಸಿದರು. ಜನರು ಸಿಟ್ಟಾದರು. ಶಾಸ್ತ್ರಿಗಳು ಉಡುಪಿಯಲ್ಲಿ ಕೂಡಿದ ವಿದ್ವಾಂಸರ ಮುಂದೆ ನಿಂತು, ತಮ್ಮ ನಡತೆಗೆ ಶಾಸ್ತ್ರಾಧಾರವುಂಟೆಂದು ತೋರಿಸಿಕೊಡಬೇಕಾಯಿತು. ಊರ ಗೊಡವೆಯೇ ಬೇಡವೆಂದು ಅವರು ಪಶ್ಚಿಮ ಘಟ್ಟದ ಗಂಗಾಮೂಲದ ದಟ್ಟಾರಣ್ಯದಲ್ಲಿ ಮನೆಯನ್ನು ಕಟ್ಟಿಕೊಂಡರು. ತುಂಗೆಯೂ ಭದ್ರೆಯೂ ನೇತ್ರಾವತಿಯೂ ಹುಟ್ಟುವ ಆ ಸ್ಥಳದಲ್ಲಿಯೇ 1858ನೆಯ ಇಸವಿ ಏಪ್ರಿಲ್ 23ರಂದು ರಮಾಬಾಯಿಯವರು ಜನಿಸಿದರು.

ಮಗುವಿಗೆ ಆರು ತಿಂಗಳಾದಾಗ ಕುಟುಂಬವು ಆ ಮನೆಯನ್ನು ಬಿಡಬೇಕಾಯಿತು. ಬೆತ್ತದ ಬುಟ್ಟಿಯಲ್ಲಿ ಶಿಶುವನ್ನು ಮಲಗಿಸಿ, ಆಳಿನ ತಲೆಯ ಮೇಲೆ ಹೊರಿಸಿ, ಘಟ್ಟವನ್ನಿಳಿದರು. ಅಲ್ಲಿಂದಾಚೆಗೆ ಅವರಿಗೆ ಮನೆಯೆಂಬುದೇ ಇರಲಿಲ್ಲ. ಕ್ಷೇತ್ರದಿಂದ ಕ್ಷೇತ್ರಕ್ಕೆ ನಡೆದು, ಪುರಾಣ ಪಠನ ಮಾಡಿ, ಬಂದುದರಲ್ಲಿ ಜೀವಿಸಿದರು. ಆ ಅಲೆದಾಟದಲ್ಲಿಯೂ ತಾಯಿಯು ಮಗಳಿಗೆ ಪಾಠವನ್ನು ತಪ್ಪಿಸಲಿಲ್ಲ. ಬಾಲೆಯು ಭಾಗವತವನ್ನು ಕಂಠಪಾಠ ಮಾಡಿದಳು. ಸಂಸ್ಕೃತದ ಜೊತೆಗೆ ಮರಾಠಿ, ಕನ್ನಡ, ಹಿಂದೂಸ್ಥಾನಿಗಳನ್ನೂ ಕಲಿತಳು.

ಅವರ ಹದಿಹರೆಯವು ಹೇಗೆ ಕಳೆಯಿತೆಂಬುದನ್ನು ನಮ್ಮ ವಾಚಕರು ವಿಶೇಷವಾಗಿ ಗಮನಿಸಬೇಕು. 1870ರ ದಶಕದಲ್ಲಿ ಮದರಾಸು ಪ್ರಾಂತವನ್ನು ಘೋರವಾದ ಕ್ಷಾಮವು ಹಿಡಿಯಿತು. ಇದ್ದ ಒಡವೆಗಳೂ ಪಾತ್ರೆಗಳೂ ಮಾರಿಹೋದವು. ಕೂಲಿ ಮಾಡಲು ಅಭ್ಯಾಸವಿಲ್ಲ, ಭಿಕ್ಷೆ ಬೇಡಲು ಅಭಿಮಾನ ಬಿಡದು. ಕಾಡಿನಲ್ಲಿ ಹನ್ನೊಂದು ದಿನ ಹಗಲಿರುಳು ಎಲೆಗಳನ್ನೂ ನೀರನ್ನೂ ಹಿಡಿಯಷ್ಟು ಕಾಡು ಈಚಲು ಹಣ್ಣನ್ನೂ ತಿಂದು ಕಳೆದರು. ಮೊದಲು ತಂದೆ, ಬಳಿಕ ತಾಯಿ, ಅನಂತರ ಅಕ್ಕ ಹೀಗೆ ಒಬ್ಬರ ಹಿಂದೊಬ್ಬರು ತೀರಿಕೊಂಡರು. ತಾಯಿಯ ಚಟ್ಟವನ್ನು ಹೊರಲು ನಾಲ್ಕನೆಯ ಹೆಗಲು ಸಿಕ್ಕದ್ದರಿಂದ ರಮಾಬಾಯಿಯವರೇ ಹೊತ್ತರು. ಗಿಡ್ಡಗಿದ್ದ ಕಾರಣ ಚಟ್ಟವು ಸಮನಾಗಿ ನಿಲ್ಲಲೆಂದು ಅದರ ತುದಿಯನ್ನು ತಲೆಯ ಮೇಲಿಟ್ಟು ನಡೆದರು. ಉಳಿದವನು ಅಣ್ಣ ಶ್ರೀನಿವಾಸನೊಬ್ಬನೇ. ಅಣ್ಣತಂಗಿಯರು ಸಾವಿರಾರು ಮೈಲಿ ನಡೆದರು. ಝೀಲಂ ನದಿಯ ದಡದಲ್ಲಿ ಚಳಿಯನ್ನು ತಾಳಲಾರದೆ ಮರಳಿನಲ್ಲಿ ಗುಂಡಿ ತೋಡಿ, ಒಣಮರಳನ್ನೇ ಹೊದೆದು ರಾತ್ರಿಯನ್ನು ಕಳೆದುದೂ ಉಂಟು. ಇಪ್ಪತ್ತು ವರ್ಷ ತುಂಬುವುದರೊಳಗೆ ಹಸಿವು, ಶೋಕ, ನಿರಾಶ್ರಯ ಈ ಮೂರನ್ನೂ ಅವರು ಮೈಯಲ್ಲಿ ಅನುಭವಿಸಿದ್ದರು. ಮುಂದೆ ಅವರ ಶಾಲೆಗೆ ಬಂದ ಸಾವಿರಾರು ಬಾಲೆಯರ ಮುಖವನ್ನು ನೋಡಿದ ಮಾತ್ರದಿಂದಲೇ ಒಳಗಿನ ವ್ಯಥೆಯು ಅವರಿಗೆ ತಿಳಿಯುತ್ತಿದ್ದರೆ ಅದರಲ್ಲಿ ಆಶ್ಚರ್ಯವೇನು?

1878ರಲ್ಲಿ ಅವರು ಕಲ್ಕತ್ತೆಗೆ ಬಂದರು. ಇಪ್ಪತ್ತು ವಯಸ್ಸಿನ ಹೆಣ್ಣುಮಗಳು ಸಂಸ್ಕೃತದಲ್ಲಿ ನಿರರ್ಗಳವಾಗಿ ಮಾತಾಡುವುದನ್ನು ಕೇಳಿ ಅಲ್ಲಿನ ವಿದ್ವಾಂಸರು ಬೆರಗಾಗಿ, ಪಂಡಿತಾ ಮತ್ತು ಸರಸ್ವತೀ ಎಂಬ ಬಿರುದುಗಳನ್ನಿತ್ತು ಗೌರವಿಸಿದರು. ಆದರೆ ಕೀರ್ತಿಯು ಬಂದುದರಿಂದ ದುಃಖವು ತಪ್ಪಲಿಲ್ಲ. 1880ರಲ್ಲಿ ಅಣ್ಣನು ತೀರಿಕೊಂಡನು. ಅದೇ ವರ್ಷ ಜಾತಿಯ ಕಟ್ಟನ್ನು ಮೀರಿ ಬಂಗಾಳದ ವಕೀಲರಾದ ಬಿಪಿನ್ ಬಿಹಾರಿ ಮೇಧವಿಯವರನ್ನು ಲಗ್ನವಾದರು. ಮರುವರ್ಷ ಮನೋರಮೆಯೆಂಬ ಮಗಳು ಹುಟ್ಟಿದಳು. 1882ರ ಫೆಬ್ರವರಿಯಲ್ಲಿ ಪತಿಯು ವಾಂತಿಭೇದಿಯ ಜಾಡ್ಯದಿಂದ ಗತಿಸಿದರು. ಇಪ್ಪತ್ತಮೂರನೆಯ ವಯಸ್ಸಿನಲ್ಲಿ, ಕೈಗೂಸಿನೊಡನೆ, ಅವರು ವಿಧವೆಯಾದರು.

ಪುಣೆಗೆ ಬಂದು ಅದೇ ವರ್ಷ ಆರ್ಯ ಮಹಿಳಾ ಸಮಾಜವನ್ನು ಸ್ಥಾಪಿಸಿದರು. ಸರ್ಕಾರದ ಹಂಟರ್ ವಿದ್ಯಾ ಆಯೋಗದ ಮುಂದೆ ಸಾಕ್ಷ್ಯ ನುಡಿದು, ಹೆಣ್ಣುಮಕ್ಕಳಿಗೆ ಶಿಕ್ಷಣ ಪಡೆದ ಉಪಾಧ್ಯಾಯಿನಿಯರೂ ಸ್ತ್ರೀ ವೈದ್ಯರೂ ಅವಶ್ಯವೆಂದು ಪ್ರತಿಪಾದಿಸಿದರು. ಪುರುಷರ ಮುಂದೆ ಬಾಯಿ ಬಿಡಲಾರದ ಹೆಣ್ಣು ತನ್ನ ನೋವನ್ನು ಇನ್ನೊಬ್ಬ ಹೆಣ್ಣಿಗಾದರೂ ಹೇಳಿಕೊಳ್ಳುವಂತಾಗಬೇಕೆಂಬ ತತ್ತ್ವವು ಈ ಬೇಡಿಕೆಯಲ್ಲಿ ಅಡಗಿದೆಯೆಂದು ನಾವು ಭಾವಿಸುತ್ತೇವೆ.

1883ರಲ್ಲಿ ಅವರು ಇಂಗ್ಲೆಂಡಿಗೆ ಹೋದರು. ಅಲ್ಲಿ ವಾಂಟೇಜ್ ಎಂಬ ಊರಿನ ಕ್ರೈಸ್ತ ಸಹೋದರಿಯರ ಮಠದಲ್ಲಿ ಇಳಿದುಕೊಂಡರು. ಆ ವರ್ಷವೇ ಅವರೊಡನೆ ಹೋಗಿದ್ದ ಗೆಳತಿ ಆನಂದೀಬಾಯಿ ಭಗತ್ ಎಂಬವರು ಮನಸ್ಸಿನ ಸಂಕಟದಲ್ಲಿ ತಮ್ಮ ಪ್ರಾಣವನ್ನು ತಾವೇ ಕಳೆದುಕೊಂಡರು. ಈ ಆಘಾತದಿಂದ ರಮಾಬಾಯಿಯವರ ಧೈರ್ಯವೆಲ್ಲವೂ ಕುಸಿಯಿತು. ಆಕ್ಸ್‌ಫರ್ಡಿನಲ್ಲಿ ಅವರಿಗೆ ಆಶ್ರಯ ಕೊಟ್ಟ ಪ್ರೊಫೆಸರ್ ಮ್ಯಾಕ್ಸ್ ಮುಲ್ಲರರ ಮನೆಯವರು, ರಾತ್ರಿ ಅವರೊಬ್ಬರನ್ನೇ ಬಿಡದೆ, ಅವರ ಕೋಣೆಯಲ್ಲಿ ಮಲಗಲು ಒಬ್ಬ ಸೇವಕಿಯನ್ನು ನೇಮಿಸಿದರು. ಕ್ಷಾಮವನ್ನೂ ಕಾಡನ್ನೂ ಗೆದ್ದು ಬಂದ ಧೀರ ಮಹಿಳೆಗೂ ಒಂದು ಕಾಲದಲ್ಲಿ ರಾತ್ರಿಯ ಕತ್ತಲೆಯಲ್ಲಿ ಇನ್ನೊಂದು ಜೀವದ ಸಮೀಪವು ಬೇಕಾಯಿತು. ಮನೋವ್ಯಥೆಯು ದುರ್ಬಲರಿಗೆ ಮಾತ್ರ ಬರತಕ್ಕದ್ದೆಂದು ಹೇಳುವವರು ಈ ಸಂಗತಿಯನ್ನು ನೆನಪಿಡಬೇಕು. ಆ ಸೇವಕಿಯು ಯಾವ ಉಪದೇಶವನ್ನೂ ಮಾಡಿದಂತೆ ತಿಳಿಯದು. ಜೊತೆಗಿರುವುದೇ ಆಕೆಯ ಸೇವೆಯಾಗಿತ್ತು.

ಅದೇ ವರ್ಷದ ಸೆಪ್ಟೆಂಬರಿನಲ್ಲಿ ರಮಾಬಾಯಿಯವರು ಮಗಳೊಡನೆ ದೀಕ್ಷಾಸ್ನಾನವನ್ನು ಹೊಂದಿದರು. ಚೆಲ್ಟನ್‌ಹ್ಯಾಮಿನ ಸ್ತ್ರೀ ಕಾಲೇಜಿನಲ್ಲಿ ಸಂಸ್ಕೃತವನ್ನು ಕಲಿಸುತ್ತಾ ತಾವೂ ಕಲಿತರು. ಕಿವಿಯು ಮಂದವಾದ್ದರಿಂದ ವೈದ್ಯಶಾಸ್ತ್ರವನ್ನು ಓದುವ ಆಸೆಯನ್ನು ಬಿಡಬೇಕಾಯಿತು. 1886ರಲ್ಲಿ ಆನಂದೀಬಾಯಿ ಜೋಶಿಯವರು ವೈದ್ಯ ಪದವಿಯನ್ನು ಪಡೆಯುವ ಸಮಾರಂಭವನ್ನು ನೋಡಲು ಅಮೇರಿಕಾದ ಫಿಲಡೆಲ್ಫಿಯಾಕ್ಕೆ ಹೋದವರು, ಅಲ್ಲಿ ಫ್ರೋಬೆಲನ ಕಿಂಡರ್‌ಗಾರ್ಟನ್ ಪದ್ಧತಿಯನ್ನು ಶ್ರದ್ಧೆಯಿಂದ ಅಭ್ಯಾಸ ಮಾಡಿದರು. ಮಗುವು ಬೆತ್ತದ ಭಯದಿಂದಲ್ಲ, ಆಟದಿಂದಲೂ ಕೈಗೆಲಸದಿಂದಲೂ ಸಂತೋಷದಿಂದಲೂ ಬೆಳೆಯತಕ್ಕದ್ದೆಂಬ ಈ ಪದ್ಧತಿಯು ಅವರ ಮನಸ್ಸಿಗೆ ಒಪ್ಪಿತು. 1887ರಲ್ಲಿ ಅವರು ಉಚ್ಚಜಾತಿಯ ಹಿಂದೂ ಸ್ತ್ರೀಯರ ಸ್ಥಿತಿಗತಿಗಳನ್ನು ಕುರಿತು ಬರೆದ ಇಂಗ್ಲಿಷ್ ಪುಸ್ತಕವು ಬಹಳವಾಗಿ ಮಾರಾಟವಾಯಿತು. ಬಾಸ್ಟನ್ ನಗರದಲ್ಲಿ ರಮಾಬಾಯಿ ಸಂಘವು ಸ್ಥಾಪಿತವಾಗಿ, ಹತ್ತು ವರ್ಷಗಳ ಕಾಲ ಅವರ ಶಾಲೆಗೆ ಧನಸಹಾಯ ಮಾಡುವುದಾಗಿ ಮಾತು ಕೊಟ್ಟಿತು.

1889ರ ಮಾರ್ಚ್ 11ರಂದು ಮುಂಬಯಿಯಲ್ಲಿ ಶಾರದಾ ಸದನವು ಇಬ್ಬರು ವಿದ್ಯಾರ್ಥಿನಿಯರೊಡನೆ ಆರಂಭವಾಯಿತು. ಇಲ್ಲಿಗೆ ಬಂದ ಬಾಲವಿಧವೆಯರ ಸ್ಥಿತಿಯನ್ನು ಇಂದಿನ ನಮ್ಮ ಹೆಣ್ಣುಮಕ್ಕಳು ಊಹಿಸಲಾರರು. ಎಂಟು ಹತ್ತು ವಯಸ್ಸಿನಲ್ಲಿ, ಗಂಡನ ಮುಖದ ನೆನಪೂ ಉಳಿಯದ ಹಾಗೆ, ವೈಧವ್ಯವು ತಲೆಯ ಮೇಲೆ ಬಿದ್ದಿರುತ್ತಿತ್ತು. ಕೂದಲು ತೆಗೆಸಿ, ಬಣ್ಣದ ಸೀರೆಯನ್ನು ಬಿಡಿಸಿ, ಶುಭಕಾರ್ಯಗಳಲ್ಲಿ ಎದುರಿಗೆ ಬರಬಾರದೆಂದು ಹೇಳುತ್ತಿದ್ದರು. ಅಪಶಕುನವೆಂದು ವರ್ಷಗಟ್ಟಲೆ ಕೇಳಿದ ಹುಡುಗಿಯು ಕಡೆಗೆ ತನ್ನನ್ನು ತಾನೇ ಹಾಗೆಂದು ನಂಬಿಬಿಡುವಳು. ಹೊರಗಿನ ಹಿಂಸೆಗಿಂತಲೂ ಈ ಒಳಗಿನ ನಂಬಿಕೆಯನ್ನು ಕೀಳುವುದು ಕಷ್ಟ.

ರಮಾಬಾಯಿಯವರು ಮಾಡಿದುದೇನು? ಮೊದಲನೆಯದಾಗಿ, ಆ ಬಾಲೆಯರಿಗೆ ಶಾಲೆಯನ್ನಲ್ಲ, ಮನೆಯನ್ನು ಕೊಟ್ಟರು. ಎರಡನೆಯದಾಗಿ, ಅವರವರ ಜಾತಿಯ ಆಚಾರ, ಅಡಿಗೆ, ಪೂಜೆಗಳನ್ನು ನಡೆಸಿಕೊಳ್ಳಲು ಬಿಟ್ಟು, ಅವರಿಗೆ ಉಳಿದಿದ್ದ ಅಷ್ಟಿಷ್ಟು ಆತ್ಮಗೌರವವನ್ನು ಕಾಪಾಡಿದರು. ಮೂರನೆಯದಾಗಿ, ಓದಿನೊಡನೆ ಕೈಗೆಲಸವನ್ನೂ ಆಟವನ್ನೂ ಸೇರಿಸಿದರು. ಎಲ್ಲಕ್ಕಿಂತ ಮಿಗಿಲಾಗಿ, ತಾವು ಅವರ ನಡುವೆಯೇ ವಾಸಿಸಿದರು. ಮೊದಲ ವಿದ್ಯಾರ್ಥಿನಿಯರಲ್ಲಿ ಒಬ್ಬರು ಗೋದೂಬಾಯಿಯೆಂಬ ಬಾಲವಿಧವೆ. ಅವರೇ 1893ರಲ್ಲಿ ಧೋಂಡೋ ಕೇಶವ ಕರ್ವೆಯವರನ್ನು ಮರುಲಗ್ನವಾಗಿ, ಆನಂದೀಬಾಯಿ ಕರ್ವೆಯೆಂದು ಹೆಸರಾಗಿ, ಪತಿಯ ಸ್ತ್ರೀವಿದ್ಯೆಯ ಮಹಾಕಾರ್ಯದಲ್ಲಿ ಸಂಗಾತಿಯಾದರು.

1890ರಲ್ಲಿ ಸದನವು ಪುಣೆಗೆ ಬಂದಿತು. ರಮಾಬಾಯಿಯವರು ತಮ್ಮ ಕೋಣೆಯ ಬಾಗಿಲನ್ನು ತೆರೆದಿಟ್ಟೇ ಪ್ರಾರ್ಥಿಸುತ್ತಿದ್ದರು. ಕೆಲವು ಬಾಲೆಯರು ಬಂದು ಕುಳಿತುಕೊಳ್ಳುತ್ತಿದ್ದರು. ಇದರಿಂದ ಮತಾಂತರದ ಶಂಕೆಯು ಹುಟ್ಟಿ, ಪತ್ರಿಕೆಗಳಲ್ಲಿ ಕಟುವಾದ ವಾದವು ನಡೆಯಿತು. 1893ರಲ್ಲಿ ಸಲಹಾ ಮಂಡಲಿಯಲ್ಲಿದ್ದ ರಾನಡೆ, ಭಾಂಡಾರ್ಕರ್ ಮೊದಲಾದ ಹಿತೈಷಿಗಳೂ ರಾಜೀನಾಮೆಯನ್ನಿತ್ತರು. ಅನೇಕ ಪೋಷಕರು ಮಕ್ಕಳನ್ನು ಕರೆದುಕೊಂಡು ಹೋದರು. ಈ ವಿವಾದದ ನ್ಯಾಯಾನ್ಯಾಯಗಳನ್ನು ಇಲ್ಲಿ ತೂಗುವುದು ನಮ್ಮ ಉದ್ದೇಶವಲ್ಲ. ಆದರೆ ಹಿರಿಯರ ಜಗಳದ ನಡುವೆ, ಆಗತಾನೆ ಚಿಗುರಿದ್ದ ಆ ಬಾಲೆಯರ ಮನಸ್ಸು ಏನಾಗಿದ್ದೀತೆಂದು ಯೋಚಿಸಿರಿ. ನೊಂದ ಮಗುವಿಗೆ ಆಸರೆ ಕೊಡುವ ಶಾಲೆಯು ಮನೆಯವರ ವಿಶ್ವಾಸವನ್ನೂ ಗಳಿಸಬೇಕು; ಮನೆಯವರೂ ಶಾಲೆಯನ್ನು ಶಂಕಿಸುವ ಮೊದಲು ಬಂದು ವಿಚಾರಿಸಬೇಕು. ಎರಡೂ ಕಡೆಯಿಂದ ಎಳೆದರೆ ಹರಿಯುವುದು ಮಗುವಿನ ಮನಸ್ಸೇ.

1896–97ರಲ್ಲಿ ಮಧ್ಯಪ್ರಾಂತಗಳಲ್ಲಿ ಬರಗಾಲವು ಬಂದಿತು. ಸುದ್ದಿಯನ್ನು ಕೇಳಿದ ರಮಾಬಾಯಿಯವರಿಗೆ ತಮ್ಮ ಹದಿಹರೆಯದ ದಿನಗಳು ಕಣ್ಣಿಗೆ ಕಟ್ಟಿರಬೇಕು. ಅವರು ಸ್ವತಃ ಹೋಗಿ, ಹಸಿವಿನಿಂದ ಸಾಯುತ್ತಿದ್ದ, ದುಷ್ಟರ ಕೈಗೆ ಸಿಕ್ಕುವ ಅಪಾಯದಲ್ಲಿದ್ದ ನೂರಾರು ಹೆಣ್ಣುಮಕ್ಕಳನ್ನು ಕರೆತಂದರು. ಪುಣೆಯಲ್ಲಿ ಪ್ಲೇಗು ಇದ್ದುದರಿಂದ, ಅಲ್ಲಿಗೆ ಸುಮಾರು 34 ಮೈಲಿ ದೂರದ ಕೇಡಗಾಂವಿನಲ್ಲಿ ತಾವು ಕೊಂಡಿದ್ದ ಹೊಲದಲ್ಲಿ ಅವರಿಗೆ ನೆಲೆ ಕಲ್ಪಿಸಿದರು. ಅದೇ ಮುಕ್ತಿ ಮಿಷನ್ ಆಗಿ ಬೆಳೆಯಿತು. ಗುಜರಾತಿನ ಕ್ಷಾಮವು ಬಂದ 1900ರ ಹೊತ್ತಿಗೆ ಅಲ್ಲಿ 1,500 ಮಂದಿ ಆಶ್ರಯ ಪಡೆದಿದ್ದರು.

ಬರದಿಂದ ಬಂದ ಮಗುವು ಉಣ್ಣಲು ಸಿಕ್ಕಿದ ಕೂಡಲೇ ನೆಟ್ಟಗಾಗುವುದಿಲ್ಲ. ನಾಳೆ ಸಿಕ್ಕೀತೋ ಇಲ್ಲವೋ ಎಂಬ ಭಯದಿಂದ ಅನ್ನವನ್ನು ಬಚ್ಚಿಡುವುದು, ಜಗಳವಾಡುವುದು, ಮಾತಾಡದೆ ಮೂಲೆ ಹಿಡಿಯುವುದು, ನಿದ್ರೆಯಲ್ಲಿ ಬೆಚ್ಚುವುದು ಇವೆಲ್ಲವೂ ಸಂಕಟದ ಗುರುತುಗಳೇ ಹೊರತು ದುರ್ಗುಣಗಳಲ್ಲವೆಂದು ಇಂದಿನ ಮನೋವೈದ್ಯರು ಹೇಳುತ್ತಾರೆ. ರಮಾಬಾಯಿಯವರು ಇಂಥ ಮಕ್ಕಳ ಆರೈಕೆಗೆ ಶಾರದಾ ಸದನದಲ್ಲಿ ಬೆಳೆದ ಹಿರಿಯ ವಿದ್ಯಾರ್ಥಿನಿಯರನ್ನೇ ನಿಯಮಿಸಿದರು. ಹಿಂದೆ ಕಣ್ಣೀರಿಟ್ಟು ಬಂದವಳೇ ಇಂದು ಕಣ್ಣೀರು ಒರೆಸುವವಳಾದಳು. ತಾನು ಯಾರಿಗೂ ಬೇಡವೆಂದು ನಂಬಿದ್ದವಳಿಗೆ, ತನ್ನನ್ನು ಅವಲಂಬಿಸಿದ ಮಗುವೊಂದು ಇದೆಯೆಂಬ ಅರಿವಿಗಿಂತ ದೊಡ್ಡ ಔಷಧವುಂಟೇ? ದಿನಚರಿಗೆ ನಿಯಮವಿತ್ತು, ಕೈಗೆ ಕೆಲಸವಿತ್ತು. ನೇಯ್ಗೆ, ಹೊಲಿಗೆ, ಹೈನು, ಎಣ್ಣೆಯ ಗಾಣ, ಬೇಸಾಯ, ಅಚ್ಚುಕೂಟ ಇವುಗಳಲ್ಲಿ ತನಗೆ ಹೊಂದುವುದನ್ನು ಕಲಿತು ಬಾಲೆಯರು ಸ್ವಾವಲಂಬಿಗಳಾದರು. ಸಮಾಜವು ಹೊರತಳ್ಳಿದ ಸ್ತ್ರೀಯರಿಗಾಗಿ ಕೃಪಾ ಸದನವು ಏರ್ಪಟ್ಟಿತು. ಮಗಳು ಮನೋರಮಾಬಾಯಿಯವರು ಅಂಧರ ಲಿಪಿಯನ್ನು ಕಲಿತು ಬಂದು ಅಂಧ ಬಾಲೆಯರಿಗೆ ಓದು ಕಲಿಸಿದರು.

ಹುಟ್ಟಿದ ನಾಡಿನ ಋಣವನ್ನೂ ರಮಾಬಾಯಿಯವರು ಮರೆಯಲಿಲ್ಲ. 1912ರಲ್ಲಿ ಗುಲ್ಬರ್ಗದಲ್ಲಿ, ಅಂದರೆ ಇಂದಿನ ಕಲಬುರಗಿಯಲ್ಲಿ, ಒಂದು ಕ್ರೈಸ್ತ ಪ್ರೌಢಶಾಲೆಯನ್ನು ತೆರೆದು, ಮನೋರಮಾಬಾಯಿಯವರನ್ನು ಅದರ ಮುಖ್ಯಸ್ಥೆಯನ್ನಾಗಿ ಮಾಡಿದರು. 1919ರಲ್ಲಿ ಸರ್ಕಾರವು ಕೈಸರ್-ಇ-ಹಿಂದ್ ಪದಕವನ್ನಿತ್ತಿತು. 1921ರಲ್ಲಿ ಆ ಒಬ್ಬಳೇ ಮಗಳನ್ನೂ ಕಳೆದುಕೊಂಡರು. ಹಿಬ್ರೂ ಮತ್ತು ಗ್ರೀಕ್ ಮೂಲಗಳಿಂದ ಮರಾಠಿಗೆ ಸತ್ಯವೇದವನ್ನು ಭಾಷಾಂತರಿಸುವ ಕಾರ್ಯವನ್ನು ಮುಗಿಸಿ, 1922ರ ಏಪ್ರಿಲ್ 5ರಂದು ತಾವೂ ವಿಶ್ರಾಂತಿಯನ್ನು ಹೊಂದಿದರು.

ರಮಾಬಾಯಿಯವರ ಕಾಲದ ಕ್ಷಾಮವು ಈಗಿಲ್ಲ. ಹತ್ತು ವಯಸ್ಸಿನ ವಿಧವೆಯೂ ನಮ್ಮ ತರಗತಿಯಲ್ಲಿಲ್ಲ. ಆದರೆ ಬಡತನವೂ, ತಂದೆಯ ಕುಡಿತವೂ, ತಾಯಿಯ ಅಗಲಿಕೆಯೂ, ಅಕಾಲ ವಿವಾಹದ ಬೆದರಿಕೆಯೂ, ಬೆಳಗಿನ ಊಟವಿಲ್ಲದ ಹೊಟ್ಟೆಯೂ ಇಂದಿಗೂ ಶಾಲೆಯ ಬಾಗಿಲೊಳಗೆ ಬರುತ್ತವೆ. ಹತ್ತರಿಂದ ಹತ್ತೊಂಬತ್ತು ವಯಸ್ಸಿನವರಲ್ಲಿ ಏಳು ಮಂದಿಗೆ ಒಬ್ಬರು ಮಾನಸಿಕ ಅಸ್ವಾಸ್ಥ್ಯದಿಂದ ಬಳಲುತ್ತಿರುವರೆಂದು ವಿಶ್ವ ಆರೋಗ್ಯ ಸಂಸ್ಥೆಯು ಅಂದಾಜು ಮಾಡಿದೆ. ದೊಡ್ಡವರಲ್ಲಿ ಕಾಣುವ ಇಂಥ ಅಸ್ವಾಸ್ಥ್ಯಗಳಲ್ಲಿ ಅರ್ಧದಷ್ಟು ಹದಿನಾಲ್ಕನೆಯ ವಯಸ್ಸಿನೊಳಗೆ ಮೊಳೆಯುವುವೆಂದೂ ಅದು ತಿಳಿಸಿದೆ. ಹದಿನಾಲ್ಕೆಂದರೆ ನಮ್ಮ ಪ್ರೌಢಶಾಲೆಯ ವಯಸ್ಸೇ ಅಲ್ಲವೇ?

ಆದಕಾರಣ ತಂದೆತಾಯಿಗಳಲ್ಲಿ ನಾವು ವಿನಯಪೂರ್ವಕವಾಗಿ ಬಿನ್ನವಿಸುವುದೇನೆಂದರೆ: ನಿಮ್ಮ ಮಗಳು ಇದ್ದಕ್ಕಿದ್ದಂತೆ ಮೌನಿಯಾದರೆ, ಊಟ ನಿದ್ರೆಗಳು ಕೆಟ್ಟರೆ, ಅಂಕಗಳು ಇಳಿದರೆ, ವೈದ್ಯರಿಗೆ ಕಾರಣ ಸಿಕ್ಕದ ತಲೆನೋವು ಪದೇ ಪದೇ ಬಂದರೆ, ಸಣ್ಣ ಮಾತಿಗೂ ಸಿಡುಕಿದರೆ, ಗದರಿಸುವ ಮೊದಲು ಪಕ್ಕದಲ್ಲಿ ಕುಳಿತು ಕೇಳಿರಿ. ಉತ್ತರ ತಡವಾದರೆ ಕಾದಿರಿ. ಶಾಲೆಗೆ ಬಂದು ತಿಳಿಸಿರಿ. ಹಾಗೆ ತಿಳಿಸುವುದರಿಂದ ಮನೆಯ ಮರ್ಯಾದೆಗೆ ಕುಂದಿಲ್ಲ. ಜ್ವರ ಬಂದಾಗ ವೈದ್ಯರ ಬಳಿಗೆ ಹೋಗುವಂತೆಯೇ ಮನಸ್ಸಿಗೆ ಜಾಡ್ಯವಾದಾಗಲೂ ಹೋಗತಕ್ಕದ್ದು. ಸರ್ಕಾರವು 2022ರಲ್ಲಿ ಆರಂಭಿಸಿದ ಟೆಲಿ-ಮಾನಸ್ ಎಂಬ ಸೇವೆಗೆ 14416 ಸಂಖ್ಯೆಯಲ್ಲಿ ದೂರವಾಣಿ ಮಾಡಿದರೆ, ಹಗಲಿರುಳು ಉಚಿತವಾಗಿ ಸಲಹೆ ದೊರೆಯುವುದು. ಬದುಕು ಬೇಡವೆಂಬ ಮಾತು ಮಗುವಿನ ಬಾಯಿಂದ ಬಂದರೆ ಅದನ್ನು ಹುಡುಗಾಟವೆಂದು ತಳ್ಳಿಹಾಕಬೇಡಿರಿ, ಅವಳೊಬ್ಬಳನ್ನೇ ಬಿಡಬೇಡಿರಿ, ಕೂಡಲೇ ವೈದ್ಯರ ಸಹಾಯವನ್ನು ಪಡೆಯಿರಿ. ಆಕ್ಸ್‌ಫರ್ಡಿನಲ್ಲಿ ಪಂಡಿತೆಯ ಕೋಣೆಯಲ್ಲಿ ಮಲಗಿದ ಆ ಸೇವಕಿಯನ್ನು ನೆನೆಯಿರಿ.

ನಮ್ಮ ಹಳೆಯ ವಿದ್ಯಾರ್ಥಿನಿಯರಿಗೂ ಒಂದು ಮಾತು. ನಿಮ್ಮಲ್ಲಿ ಅನೇಕರು ಇಂದು ಉಪಾಧ್ಯಾಯಿನಿಯರು, ದಾದಿಯರು, ತಾಯಂದಿರು ಆಗಿದ್ದೀರಿ. ಶಾರದಾ ಸದನದ ಹಿರಿಯ ಬಾಲೆಯರು ಬರಗಾಲದ ಕಿರಿಯರನ್ನು ಕೈ ಹಿಡಿದು ನಡೆಸಿದಂತೆ, ನೀವೂ ನಿಮ್ಮ ಬೀದಿಯ ಒಬ್ಬ ಹುಡುಗಿಯನ್ನಾದರೂ ಅಕ್ಕನಂತೆ ವಿಚಾರಿಸಿಕೊಳ್ಳಿರಿ. ಪಾಂಡಿತ್ಯವು ಎಲ್ಲರಿಗೂ ದಕ್ಕದು. ಆದರೆ ನೊಂದವಳ ಬಳಿ ಸ್ವಲ್ಪ ಹೊತ್ತು ಕುಳಿತಿರುವ ಶಕ್ತಿಯನ್ನು ದೇವರು ಪ್ರತಿಯೊಬ್ಬರಿಗೂ ಕೊಟ್ಟಿದ್ದಾನೆ. ಆ ಶಕ್ತಿಯನ್ನು ನಾವೆಲ್ಲರೂ ಬಳಸುವಂತಾಗಲೆಂದು ಹಾರೈಸುತ್ತೇವೆ.